ಕೇಳಿ ತಿನ್ನಬೇಕಾದ ಹಣ್ಣು

ಮೊನ್ನೆ ಪಕ್ಕದ ಮನೆಯ ಸೊಸೆ ಬರ್ಫ ಬೇಕೆಂದು ಓಡಿಬಂದಳು. ಅವಳ ಕೂಸು ಕಟ್ಟೆಯಿಂದ ಬಿದ್ದು ಹಣೆ ಊದಿಸಿಕೊಂಡಿತ್ತು. ನನ್ನ ಕೈಯೆಲ್ಲ ಜೋಳದ ಹಿಟ್ಟು. "ಫ್ರಿಜ್ಜಿನ ಮ್ಯಾಲಿನ ಖಾನಾದಾಗ ಅದ, ನೀನೇ ತಗೋ" ಎಂದೆ. ಬಾಗಿಲು ತೆಗೆದವಳು "ಯವ್ವಾ!" ಎಂದು ಚೀರಿ ಹಿಂದೆ ಸರಿದಳು.

"ಕಾಕೂ, ಒಳಗ ಏನೋ ಸತ್ತು ಬಿದ್ದದರಿ!"

ಸತ್ತದ್ದೇನೂ ಅಲ್ಲ. ಕಪ್ಪಗೆ ಬಾಗಿ, ಮೈತುಂಬ ಬಿಳಿ ಹಿಮ ಹೊದ್ದು ಮಲಗಿದ್ದ ಬಾಳೆಹಣ್ಣುಗಳು. ಹಾಗೆಂದು ಹೇಳಿದೆ. ಹಣ್ಣು ಹೀಗೇಕಾದವು ಎಂದು ಕೇಳಿದಳು. ನಾನೇ ಮಾಡಿದ್ದು ಎಂದೆ. ಅವಳು ಬರ್ಫ ತೆಗೆದುಕೊಂಡು ನನ್ನನ್ನು ಒಂದು ಥರಾ ನೋಡುತ್ತ ಹೋದಳು. ಇನ್ನು ಓಣಿಯಲ್ಲಿ ನನ್ನ ತಲೆಯ ಬಗ್ಗೆ ಏನು ಮಾತು ಹುಟ್ಟುತ್ತದೋ ದೇವರಿಗೇ ಗೊತ್ತು.

ಇದರಲ್ಲಿ ತಲೆ ಕೆಡುವಂಥದ್ದೇನೂ ಇಲ್ಲ. ಬಾಳೆಹಣ್ಣು ಮೆತ್ತಗಾಗಿ, ಸಿಪ್ಪೆಯ ಮೇಲೆ ಕರಿ ಚುಕ್ಕೆ ಬಿದ್ದು, ಮನೆಯಲ್ಲಿ ಯಾರೂ ಅದರ ಕಡೆ ತಿರುಗಿ ನೋಡದಂತಾದಾಗ ಅದನ್ನು ಫ್ರೀಜರಿಗೆ ಹಾಕಬೇಕು. ಬೇಕಾದಾಗ ತೆಗೆದು ಕಿವುಚಿ ಕೇಕ್ ಮಾಡಬಹುದು, ತತ್ತಿ ಹಾಕುವ ಗೊಡವೆಯಿಲ್ಲ. ನಮ್ಮಂಥ ಲಿಂಗಾಯತರ ಅಡುಗೆಮನೆಗೆ ಅದೇ ದೊಡ್ಡ ಸಮಾಧಾನ. ಇಲ್ಲವೇ ಹಾಲಿನ ಜೊತೆ ಮಿಕ್ಸಿಗೆ ಹಾಕಿ ಗರ್ರನೆ ತಿರುಗಿಸಿದರೆ ಐಸ್ಕ್ರೀಮಿನ ಹಾಗೆ ದಪ್ಪಗೆ, ತಣ್ಣಗೆ ಕುಡಿಯಲು ಸಿಗುತ್ತದೆ. ಒಂದೇ ಸೂತ್ರ: ಸಿಪ್ಪೆ ಸುಲಿದು, ಹೋಳು ಮಾಡಿ, ಡಬ್ಬಿಯಲ್ಲಿಡಬೇಕು. ಸಿಪ್ಪೆಸಮೇತ ಇಟ್ಟರೆ ಆಮೇಲೆ ಕಲ್ಲಿಗೆ ಅಂಟಿದ ಚರ್ಮ ಸುಲಿದಂತೆ ಚಾಕು ಹಿಡಿದು ಕೂರಬೇಕಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಸಿಪ್ಪೆಸಮೇತವೇ ಇಡುತ್ತೇನೆ. ಮಂದಿಗೆ ಬುದ್ಧಿ ಹೇಳುವಷ್ಟು ಬುದ್ಧಿ ನನಗಿದೆ, ನಡೆಸುವಷ್ಟಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಕೇಕ್ ತಿನ್ನುವವರೇ ಇಲ್ಲ. ನಮ್ಮ ಯಜಮಾನರಿಗೆ ತಣ್ಣಗಿನದು ಏನು ಕುಡಿದರೂ ಗಂಟಲು ಕಟ್ಟುತ್ತದೆ. ಹುಮನಾಬಾದಿನಲ್ಲಿ ಕರೆಂಟು ಹೋಗುವ ರೀತಿಗೆ ಗಟ್ಟಿಯಾದ ಹಣ್ಣು ಕರಗಿ, ಮತ್ತೆ ಗಟ್ಟಿಯಾಗಿ, ಮತ್ತೆ ಕರಗಿ ತನಗೇ ತಾನು ಯಾರೆಂದು ತಿಳಿಯದಂತಾಗುತ್ತದೆ. ಮತ್ಯಾಕೆ ಇಡುತ್ತೀ ಎಂದರೆ ನನ್ನ ಹತ್ತಿರ ಬರೋಬ್ಬರಿ ಉತ್ತರವಿಲ್ಲ. ಈ ಹಣ್ಣಿನ ವಿಷಯದಲ್ಲಿ ನಾನು ಹುಟ್ಟಾ ಗೊಂದಲದವಳು.

ಬಸವಕಲ್ಯಾಣದಲ್ಲಿ, ನಾನು ಹುಟ್ಟಿ ಬೆಳೆದ ಗಲ್ಲಿಗೆ, ಬುಟ್ಟಿ ಹೊತ್ತ ಚಾಚಾ ಒಬ್ಬ ಬರುತ್ತಿದ್ದ. "ಮೌಜ್! ಮೌಜ್!" ಎಂದು ಕೂಗುತ್ತಿದ್ದ. ದಖ್ಖನಿ ಮಾತಿನಲ್ಲಿ ಬಾಳೆಹಣ್ಣಿಗೆ ಮೌಜ್ ಎನ್ನುತ್ತಾರೆ. ನನಗೆ ಗೊತ್ತಿದ್ದದ್ದು ಮೋಜು ಮಾತ್ರ. ಏನೋ ಮೋಜಿನ ಸಾಮಾನು ಬಂದಿದೆಯೆಂದು ಆಡುವುದು ಬಿಟ್ಟು ಓಡುತ್ತಿದ್ದೆ. ಬುಟ್ಟಿಯೊಳಗೆ ಬರೀ ಬಾಳೆಹಣ್ಣು ಕಂಡು ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದೆ. ಮರುದಿನ ಕೂಗು ಕೇಳಿದರೆ ಮತ್ತೆ ಓಟ. ನಿನ್ನೆ ಹಣ್ಣಿತ್ತು, ಇವತ್ತು ಖರೇನೇ ಮೋಜು ತಂದಿರಬಹುದು ಎಂಬ ಆಸೆ. ಅವ್ವ ನಮ್ಮ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕೂತು ನನ್ನನ್ನು ನೋಡಿ, "ಈಕಿಗಿ ಯಾವಾಗ ಬುದ್ಧಿ ಬರ್ತದೋ ಶಿವನೇ" ಎನ್ನುತ್ತಿದ್ದಳು.

ಆಗ ಹಣ್ಣು ಅತಿಯಾಗಿ ಮಾಗುವುದು ಎಂಬುದೇ ನಮ್ಮ ಮನೆಯಲ್ಲಿ ಇರಲಿಲ್ಲ. ಕಪ್ಪಾಗುತ್ತ ಬಂತೆಂದರೆ ಅವ್ವ ಹಿತ್ತಾಳೆಯ ಬೋಗುಣಿಯಲ್ಲಿ ಹಾಕಿ ಕೈಯಿಂದ ಕಿವುಚುತ್ತಿದ್ದಳು. ಹಾಲು, ಬೆಲ್ಲ, ಯಾಲಕ್ಕಿ. ಸೀಕರಣಿ! ಬಿಸಿ ಚಪಾತಿಯನ್ನು ಅದರಲ್ಲಿ ಮುಳುಗಿಸಿ ತಿನ್ನುತ್ತಿದ್ದರೆ ಮೊಣಕೈತನಕ ಸೋರುತ್ತಿತ್ತು. ನಾನೂ ತಮ್ಮ ಶಿವುವೂ ಬೋಗುಣಿಯ ತಳಕ್ಕಾಗಿ ಜಗಳಾಡುತ್ತಿದ್ದೆವು. ಸಿಪ್ಪೆ ಹಿತ್ತಲಿನ ಆಡಿಗೆ. ಇದ್ದದ್ದು ಇದ್ದಂತೆ ಮುಗಿಯುತ್ತಿತ್ತು, ಯಾರೂ ಯಾವುದನ್ನೂ ಕಾಪಿಡುತ್ತಿರಲಿಲ್ಲ.

ಕಾಪಿಡುವ ವಿದ್ಯೆ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ, ಶಿವುವಿನ ಹೆಂಡತಿ ವೈಶಾಲಿಯ ಜೊತೆ. ಅಷ್ಟರಲ್ಲಿ ನಾನು ಮದುವೆಯಾಗಿ ಹುಮನಾಬಾದಿಗೆ ಬಂದು ಹಳಬಳಾಗಿದ್ದೆ. ಅಪ್ಪ ತೀರಿಹೋಗಿದ್ದರು. ಅಂಗಡಿ ಶಿವುವಿನದು, ಮನೆ ಅವ್ವನದು. ವೈಶಾಲಿ ಗಡಿಯಾಚೆಯ ಉಮರ್ಗಾದವಳು. ನಮ್ಮವರೇ, ಆದರೆ ಮನೆಮಾತು ಮರಾಠಿ. ಅವಳ ಹಿಂದೆ ತವರಿನಿಂದ ಒಂದು ಫ್ರಿಜ್ಜು, ಗಾಜಿನ ಕಣ್ಣಿನ ಒಂದು ದುಂಡು ಓವನ್ನು ಬಂದವು. ಫ್ರಿಜ್ಜಿಗೆ ಕೀಲಿ ಬೇರೆ ಇತ್ತು. ಅವ್ವ ಆ ಕೀಲಿಕೈ ನೋಡಿ, "ಹಾಲು ಮಸರಿಗೂ ತಿಜೂರಿ ಬಂತು ನೋಡವಾ" ಎಂದು ನನಗೆ ಮೆಲ್ಲಗೆ ಹೇಳಿದಳು. ನಾನು ನಕ್ಕೆ. ಅವ್ವ ನಗಲಿಲ್ಲ.

ಈಗ ನಿಮಗೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಮೊದಲೇ ಹೇಳಲಿಲ್ಲ. ಮರಾಠಿಯಲ್ಲಿ ಬಾಳೆಹಣ್ಣುಗಳಿಗೆ 'ಕೇಳೀ' ಎನ್ನುತ್ತಾರೆ. ಬಾಯಲ್ಲಿ ಆಡುವಾಗ ನಮ್ಮ 'ಕೇಳಿ'ಗೂ ಅವರ 'ಕೇಳೀ'ಗೂ ಕೂದಲೆಳೆಯ ಫರಕೂ ಇಲ್ಲ. ಕಲ್ಯಾಣದವಳಾಗಿ ನಿನಗೆ ಅಷ್ಟೂ ಮರಾಠಿ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಆದರೆ ಮರಾಠಿಯವರು ಮರಾಠಿಯಲ್ಲಿ ಮಾತಾಡಿದರೆ ಕಿವಿ ಮರಾಠಿಗೆ ಸಿದ್ಧವಾಗಿ ಕೂರುತ್ತದೆ. ಈ ಹುಡುಗಿಯೋ ಪಾಪ ಕಷ್ಟಪಟ್ಟು ಕನ್ನಡ ಆಡುತ್ತಿದ್ದಳು, ಗೊತ್ತಿಲ್ಲದ ಕಡೆ ಮಾತ್ರ ತನ್ನದೊಂದು ಶಬ್ದ ತುರುಕುತ್ತಿದ್ದಳು. ಕನ್ನಡದ ನಡುವೆ 'ಕೇಳಿ' ಬಂದರೆ ಅದು ಕನ್ನಡದ್ದೇ ಅಲ್ಲವೇ? ನೀವೇ ಹೇಳಿ.

ಹೊಸ ಮದುಮಗಳೆಂದು ಬಂಧುಬಳಗದವರೆಲ್ಲ ಗಂಡಹೆಂಡತಿಯನ್ನು ಊಟಕ್ಕೆ ಕರೆದರು. ಹೋದಲ್ಲೆಲ್ಲ ಅವಳಿಗೆ ಉಡಿ ತುಂಬಿದರು. ಸೀರೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾಳೆಹಣ್ಣು. ಮುಡಬಿ ಊರಿನಲ್ಲಿ ತುಂಬಿದರು, ಹುಡಗಿ ಊರಿನಲ್ಲಿ ತುಂಬಿದರು, ನಮ್ಮ ಮನೆಯಲ್ಲಿ ನಾನೂ ತುಂಬಿದೆ. ಮನೆಯ ತುಂಬ ಬಾಳೆಹಣ್ಣು ಗೊನೆಗೊನೆಯಾಗಿ ಬಿದ್ದವು. ಉಡಿಯ ಹಣ್ಣು ತಿಪ್ಪೆಗೆ ಹಾಕುವಂತಿಲ್ಲ. ತಿಂದು ಮುಗಿಸಲು ಮನೆಯಲ್ಲಿ ಮೂರೇ ಜೀವ. ವೈಶಾಲಿ ಮಿಕ್ಕದ್ದನ್ನೆಲ್ಲ ಸುಲಿದು ಫ್ರೀಜರಿನಲ್ಲಿಟ್ಟಳು. ಸೋಲಾಪುರದ ಅವಳ ಚಿಕ್ಕಮ್ಮ ಕೇಕ್ ಮಾಡಿ ಮಾರುವವಳು, ಅವಳಿಂದ ಕಲಿತ ವಿದ್ಯೆ ಅದು.

ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ವೈಶಾಲಿಗೆ ಮೊದಲ ಪಂಚಮಿ. ಅವಳ ಅಣ್ಣ ಜೀಪು ತಂದು ಗಲ್ಲಿಯಲ್ಲಿ ನಿಲ್ಲಿಸಿ ಹಾರನ್ನು ಬಾರಿಸುತ್ತಿದ್ದ. ಅವಳು ಹೊಸ್ತಿಲು ದಾಟಿದವಳು ತಿರುಗಿ ಬಂದು ಅವ್ವನಿಗೆ ಹೇಳಿದಳಂತೆ:

"ಅತ್ತೀ, ಫ್ರಿಜ್ಜಿನಾಗಿಂದ ಕೇಳಿ ತಗೋರಿ. ಕೇಳಿ ತಗೊಂಡು ಹಾಲಾಗ ಹಾಕ್ಕೊಂಡು ತಿನ್ರಿ. ಮರೀಬ್ಯಾಡ್ರಿ ಮತ್ತ, ಕೇಳಿ!"

ಜೀಪು ಹೋಯಿತು. ಅವ್ವ ಬಾಗಿಲಲ್ಲೇ ನಿಂತಿದ್ದಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಹಬ್ಬದ ಮರುದಿನ ಮಧ್ಯಾಹ್ನ ಅವ್ವ ಕೈಚೀಲ ಹಿಡಿದು ಹುಮನಾಬಾದಿನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಸುದ್ದಿಯಿಲ್ಲ, ಫೋನಿಲ್ಲ.

"ಯಾಕವ್ವಾ, ಏನಾಯ್ತು?"

"ಏನಿಲ್ಲವಾ. ಒಳಗ ಬರ್ಲೇನು?"

"ಇದೇನ ಕೇಳ್ತಿ? ಬಾ."

ಬಂದಳು. ಕುರ್ಚಿಯ ಮುಂದೆ ನಿಂತು ನಮ್ಮ ಯಜಮಾನರಿಗೆ, "ಅಳಿಯಾರ, ಇಲ್ಲಿ ಕುಂದ್ರಲೇನ್ರಿ?" ಎಂದಳು. ಅವರು ಗಾಬರಿಯಾಗಿ ತಾವು ಕೂತಿದ್ದ ಕುರ್ಚಿಯಿಂದಲೂ ಎದ್ದರು. ನೀರು ಕೊಟ್ಟರೆ, "ಕುಡೀಲೇನವಾ?" ಊಟಕ್ಕೆ ಕೂತರೆ, "ಇನ್ನೊಂದ ರೊಟ್ಟಿ ತಗೋಲೇನು?" ನಂಚಿಕೊಳ್ಳಲು ಶೇಂಗಾ ಹಿಂಡಿ ಕೇಳಿ, ಮಜ್ಜಿಗೆ ಕೇಳಿ, ದೀಪ ಆರಿಸಲೇ ಎಂದೂ ಕೇಳಿದಳು. ಊರನ್ನೆಲ್ಲ ಗದರಿಸಿ ಬಾಳಿದ ಹೆಂಗಸು ಇದ್ದಕ್ಕಿದ್ದಂತೆ ಬೇರೆಯವರ ಮನೆಯ ಆಳಿನಂತೆ ಆಡುತ್ತಿದ್ದಳು. ಅವ್ವನಿಗೆ ತಲೆಗೆ ಏನಾದರೂ ಆಯಿತೇ ಎಂದು ನನಗೆ ಹೆದರಿಕೆಯಾಯಿತು. ಕೊನೆಗೆ ನಾನು ಸಿಟ್ಟಿಗೇಳಬೇಕಾಯಿತು.

"ಅವ್ವಾ, ಸಾಕ್ ಮಾಡು. ಯಾಕ ಹಿಂಗ ಮಾಡಾಕತ್ತೀ?"

"ಮತ್ತೇನ ಮಾಡ್ಲಿ? ನನ್ನ ಮನ್ಯಾಗೇ ಕೇಳಿ ತಗೋ ಅಂದಾಳ ಆಕಿ. ಕೇಳಿ ತಗೊಂಡು ತಿನ್ನಂತ. ಇದಂತೂ ನಿನ್ನ ಮನಿ. ಇಲ್ಲಿ ಕೇಳ್ದೆ ಹ್ಯಾಂಗ ತಗೋಲಿ?"

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಫ್ರಿಜ್ಜಿನ ಕೀಲಿಕೈ ನನ್ನ ಕಣ್ಣ ಮುಂದೆ ಬಂತು. ನನಗೆ ಬೆಂಕಿ ಹತ್ತಿತು. ನಿನ್ನೆ ಮೊನ್ನೆ ಬಂದ ಹುಡುಗಿ ನಮ್ಮವ್ವನಿಗೆ ತುತ್ತು ಕೇಳಿ ತಿನ್ನು ಅನ್ನುವುದೇ!

ವೈಶಾಲಿ ತವರಿನಿಂದ ಬಂದಿರಬಹುದಾದ ದಿನ ನೋಡಿ ಫೋನು ಹಚ್ಚಿದೆ. ತಂತಿಯ ಫೋನು, ಅದರ ಮೇಲೆ ಮಳೆ. ಒಳಗೆ ಯಾರೋ ಕಡಲೆ ಹುರಿದಂತೆ ಸದ್ದು.

"ವೈಶಾಲಿ, ಅವ್ವಗ ಏನಂದೀ ನೀನು?"

"ಏನೂ ಅಂದಿಲ್ರಿ ಅಕ್ಕಾ. ಕೇಳಿ ತಿನ್ರಿ ಅಂದೀನಿ, ಅಷ್ಟೇ."

"ಕೇಳಿ ತಿನ್ಬೇಕಾ? ನಮ್ಮವ್ವ?"

"ಹೌದ್ರಿ. ಅವ್ರ ವಯಸ್ಸಿನ್ಯಾಗ ಕೇಳಿ ತಿಂದ್ರ ಚಲೋರಿ. ಹೊಟ್ಟಿ ಸಾಫ್ ಇರ್ತದ, ತಾಕತ್ ಬರ್ತದ."

ನನ್ನ ಕಿವಿ ಬಿಸಿಯಾಯಿತು. ನಾನೂ ಬಿಡುವವಳಲ್ಲ.

"ನೀ ಕೇಳಿ ತಿಂತೀಯೇನು?"

"ದಿನಾ ತಿಂತೀನ್ರಿ. ನಿಮ್ಮ ತಮ್ಮನೂ ತಿಂತಾರ. ಅತ್ತಿಯವ್ರೇ ತಿನ್ನವಲ್ರು."

"ಯಾರ ಕೇಳಿ ತಿಂತೀ ನೀನು?"

"ಯಾರವಂದ್ರ... ನನ್ನವ್ರಿ ಅಕ್ಕಾ."

ನೋಡಿದಿರಾ? ಅವಳು ಹೇಳಿದ್ದು ನನ್ನವೇ ಹಣ್ಣು, ನನ್ನ ಉಡಿಯವು ಎಂದು. ನಾನು ಕೇಳಿಸಿಕೊಂಡದ್ದು, ಈಕೆ ತನ್ನನ್ನೇ ತಾನು ಕೇಳಿಕೊಂಡು ತಿನ್ನುತ್ತಾಳೆ, ನಮ್ಮವ್ವ ಮಾತ್ರ ಈಕೆಯನ್ನು ಕೇಳಬೇಕು ಎಂದು. ಫೋನನ್ನು ಕುಕ್ಕಿ ಇಟ್ಟೆ. ಆಮೇಲೆ ಮನೆಯವರಿಗೆ ನಡೆದದ್ದು ಹೇಳಿದರೆ ಅವರು ಬಹಳ ಹೊತ್ತು ವಿಚಾರ ಮಾಡಿ, "ಕೇಳಿ ತಿಂದ್ರ ಹೊಟ್ಟಿ ಹ್ಯಾಂಗ ಸಾಫ್ ಆಗ್ತದ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಸಿಟ್ಟಿನಲ್ಲಿದ್ದವರಿಗೆ ಸರಿಯಾದ ಪ್ರಶ್ನೆ ಕೇಳಿದರೆ ಸಿಟ್ಟು ಹೆಚ್ಚಾಗುತ್ತದೆಯೇ ಹೊರತು ಬುದ್ಧಿ ಬರುವುದಿಲ್ಲ. "ನೀವು ಆಕಿ ಪಾರ್ಟಿ ಏನು?" ಎಂದು ಅವರ ಮೇಲೂ ಹಾರಿದೆ.

ಸಂಜೆ ಶಿವು ಫೋನು ಮಾಡಿದ. "ಅಕ್ಕಾ, ಇಕಿ ಊಟಾ ಬಿಟ್ಟು ಅಳಾಕತ್ತಾಳ. ಏನ ತಪ್ಪಾಗ್ಯದ ಹೇಳ್ರಿ, ಇಲ್ಲಾಂದ್ರ ತವರಿಗಿ ಹೋಗ್ತೀನಿ ಅಂತಾಳ. ಅವ್ವಗ ಬಾ ಅಂತ ಹೇಳು."

"ನೀನೇ ಬಂದು ಕರಿ."

"ನಾ ಯಾಕ ಕರೀಲಿ? ನಾ ಹೋಗಂದೀನೇನು? ತಾನೇ ಹೋಗ್ಯಾಳ, ತಾನೇ ಬರ್ತಾಳ."

ಗಂಡಸರ ಕಾನೂನು ಹಾಗೆ, ಬಹಳ ಸರಳ. ಇತ್ತ ಅವ್ವ ದಿನಾ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಾಗಿಲ ಬಳಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕಲ್ಯಾಣದ ಬಸ್ಸು ಬಂದು ಮಂದಿ ಇಳಿದು ಈ ಕಡೆ ಬರುವ ಹೊತ್ತಿಗೆ ಕತ್ತು ಚಾಚುತ್ತಿದ್ದಳು. ಓಣಿಯ ಹೆಂಗಸರು ಕೇಳತೊಡಗಿದರು: "ಅವ್ವಾರು ಇನ್ನ ಇಲ್ಲೇ ಇರ್ತಾರೇನ್ರಿ?" ಅವ್ವ ನನ್ನ ಹತ್ತಿರವಿದ್ದರೆ ನನಗೇನು ಭಾರವೇ? ಅಲ್ಲ. ಆದರೆ ತಾನು ಕಟ್ಟಿದ ಮನೆ ಬಿಟ್ಟು ಮಗಳ ಮನೆಯ ಕಟ್ಟೆಯ ಮೇಲೆ ಕೂತ ಅವ್ವನನ್ನು ನೋಡುವುದು ನನಗಾಗುತ್ತಿರಲಿಲ್ಲ. ಅವಳು ಮರಳಿ ಹೋಗುತ್ತಾಳೋ ಇಲ್ಲವೋ ಎಂಬುದೇ ಆ ದಿನಗಳಲ್ಲಿ ನನ್ನ ತಲೆಯಲ್ಲಿದ್ದ ಒಂದೇ ಚಿಂತೆ. ಹೋಗು ಎಂದರೆ ನೊಂದುಕೊಳ್ಳುತ್ತಾಳೆ, ಇರು ಎಂದರೆ ಆ ಮನೆ ಅವಳ ಕೈಬಿಟ್ಟಂತೆ. ಎರಡನ್ನೂ ಹೇಳದೆ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದೆ.

ಒಂದು ಮಧ್ಯಾಹ್ನ ವೈಶಾಲಿಯೇ ಬಂದಳು. ಒಬ್ಬಳೇ, ಬಸ್ಸಿನಲ್ಲಿ. ಎದೆಗೆ ಒಂದು ಸ್ಟೀಲಿನ ಡಬ್ಬಿಯನ್ನು ಟಾವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಅದು ಕರಗಿ ಸೀರೆಯ ನೆರಿಗೆಯ ಮೇಲೆಲ್ಲ ಕಂದು ನೀರು ಸೋರಿತ್ತು. ಅವ್ವನ ಕಾಲು ಮುಟ್ಟಿದಳು. ಅವ್ವ ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.

"ಅತ್ತೀ, ಕೇಳಿ ತಂದೀನ್ರಿ."

ನಾನೇ ಬಾಯಿ ಹಾಕಿದೆ. "ಯಾರ್ನ ಕೇಳಿ ತಂದೀ?"

ಅವಳು ಗಲಿಬಿಲಿಯಾಗಿ ನನ್ನ ಮುಖ ನೋಡಿ, ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. "ಇವೇ ರಿ ಅಕ್ಕಾ. ಕೇಳಿ."

ಒಳಗೆ ಕಂದಾದ ಹೋಳುಗಳು ತಮ್ಮದೇ ರಸದಲ್ಲಿ ತೇಲುತ್ತಿದ್ದವು. ನಾನು ಬಗ್ಗಿ ನೋಡಿದೆ. ಮೂಗಿಗೆ ವಾಸನೆ ಬಂತು. ತಲೆಯೊಳಗೆ ಏನೋ ಟಕ್ಕೆಂದಿತು.

"ಅಯ್ಯ, ಇವು ಬಾಳಿಹಣ್ಣಲ್ಲೇನು?"

ವೈಶಾಲಿ ಹಾರಿಬಿದ್ದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹಂಗನಬ್ಯಾಡ್ರಿ ಅಕ್ಕಾ! ಅತ್ತಿ ಬೈತಾರ!"

ಬಾಳೆಹಣ್ಣಿಗೆ ಬಾಳೆಹಣ್ಣು ಅಂದರೆ ಯಾಕೆ ಬೈಯುತ್ತಾರೆ? ನನಗೆ ಇದ್ದಬದ್ದ ತಿಳಿವಳಿಕೆಯೂ ಹೋಯಿತು. ಅವ್ವನ ಕಡೆ ನೋಡಿದರೆ ಅವ್ವ ಹಣೆಗೆ ಕೈ ಹಚ್ಚಿ ಕೂತಿದ್ದಾಳೆ. ಆಮೇಲೆ ವೈಶಾಲಿ ಬಿಕ್ಕುತ್ತ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದ್ದು ಹೀಗಿದೆ.

ಮದುವೆಯಾದ ಹೊಸತರಲ್ಲಿ ಅವಳ ಉಡಿಯ ಹಣ್ಣು ಒಂದಿಷ್ಟು ಕೊಳೆತವು. ಮನೆಯಲ್ಲಿ ನಾಲ್ಕು ಮಂದಿ ಹೆಂಗಸರು ಕೂತಿದ್ದರು. ಈ ಹುಡುಗಿ ಒಳಗಿನಿಂದ ಬಂದು, ಎಲ್ಲರೆದುರು ತನ್ನ ಮೊಟ್ಟಮೊದಲ ಪೂರ್ತಿ ಕನ್ನಡ ವಾಕ್ಯವನ್ನು ಧೈರ್ಯ ಮಾಡಿ ಹೇಳಿದಳು:

"ಅತ್ತೀ, ನನ್ನ ಬಾಳೇ ಕೆಟ್ಟದರಿ."

ನಮ್ಮ ಕಡೆ ಬಾಳೇ ಅಂದರೆ ಹಣ್ಣಷ್ಟೇ ಅಲ್ಲ, ಗಂಡನ ಮನೆಯ ಬದುಕು. 'ಚಂದಾಗಿ ಬಾಳೇ ಮಾಡವಾ' ಎಂದು ಹರಸಿ ಕಳಿಸುತ್ತೇವೆ. ಮೈಮೇಲಿನ ಅರಿಸಿನ ಆರದ ಹುಡುಗಿ ನನ್ನ ಬಾಳೇ ಕೆಟ್ಟಿದೆ ಎಂದರೆ? ಕೂತವರು ಗಲ್ಲಕ್ಕೆ ಕೈ ಹಚ್ಚಿದರು. ಅವ್ವ ಓಡಿಹೋಗಿ ಅವಳ ಬಾಯಿ ಮುಚ್ಚಿ, "ಥೂ ಥೂ, ಆ ಮಾತ ಇನ್ನೊಮ್ಮಿ ನಿನ್ನ ಬಾಯಾಗ ಬರಬಾರ್ದು" ಎಂದಳು. ಯಾಕೆಂದು ಹೇಳಲಿಲ್ಲ. ಹೇಳಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳಿಗೆ ತಿಳಿದದ್ದು ಇಷ್ಟು. ಒಂದು, ಆ ಶಬ್ದ ಆಡಬಾರದು. ಆಡಲಿಲ್ಲ, ತನ್ನ ತವರಿನ 'ಕೇಳೀ'ಯನ್ನೇ ಹಿಡಿದುಕೊಂಡಳು. ಇನ್ನೊಂದು, ಉಡಿಯ ಹಣ್ಣು ಕೆಟ್ಟರೆ ಅತ್ತೆಗೆ ಬಹಳ ಕೆಟ್ಟನಿಸುತ್ತದೆ. ಅದಕ್ಕೇ ಅಂದಿನಿಂದ ಒಂದು ಹಣ್ಣನ್ನೂ ಕೆಡಲು ಬಿಡಲಿಲ್ಲ. ಮೆತ್ತಗಾಗುವುದೇ ತಡ, ಸುಲಿದು ಬರ್ಫದಲ್ಲಿಟ್ಟಳು.

"ಅಲ್ಲಿಟ್ರ ಕೆಡಂಗಿಲ್ರಿ ಅತ್ತೀ," ಎಂದಳು ವೈಶಾಲಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ವರ್ಷಗಟ್ಲೆ ಕೆಡಂಗಿಲ್ಲ."

ಅವ್ವ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಕೈ ಹಾಕಿದಳು. ಒಂದು ಹೋಳು ಬಾಯಿಗಿಟ್ಟುಕೊಂಡಳು, ಇನ್ನೊಂದನ್ನು ವೈಶಾಲಿಯ ಬಾಯಿಗಿಟ್ಟಳು. "ಹುಚ್ಚ ಖೋಡಿ," ಎಂದಳು, "ನಿನ್ನ ಬಾಳೇ ಯಾಕ ಕೆಡ್ತದ? ಬಾಳಿಹಣ್ಣ ಅನ್ನು. ಹಣ್ಣ ಸೇರ್ಸಿ ಅಂದ್ರ ಏನೂ ಆಗಂಗಿಲ್ಲ." ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದು ಅಡುಗೆಮನೆಗೆ ಹೋಗಿ ನಿಂತೆ. ಅಂದು ಸಂಜೆಯ ಬಸ್ಸಿಗೆ ಅತ್ತೆ ಸೊಸೆ ಕಲ್ಯಾಣಕ್ಕೆ ಹೊರಟರು. ಕೈಚೀಲ ವೈಶಾಲಿಯ ಕೈಯಲ್ಲಿತ್ತು. ಬಸ್ಸು ಹತ್ತುವಾಗ ಅವ್ವ ಯಾರನ್ನೂ ಏನೂ ಕೇಳದೆ, ಕಿಟಕಿಯ ಬಳಿ ಕೂತಿದ್ದ ಒಬ್ಬನನ್ನು ಗದರಿಸಿ ಎಬ್ಬಿಸಿ ಕೂತಳು. ಅದನ್ನು ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು.

ಇಲ್ಲಿಗೆ ಮುಗಿಸಿದ್ದರೆ ನನ್ನ ಗೊಂದಲವೂ ಮುಗಿಯುತ್ತಿತ್ತು. ಇದನ್ನು ನಾನು ಎಷ್ಟೋ ಮಂದಿಗೆ ತಮಾಷೆಯ ಕತೆಯೆಂದು ಹೇಳಿ ನಗಿಸಿದ್ದೇನೆ. ವೈಶಾಲಿಯೂ ಈಗ ಅದನ್ನು ನಮಗಿಂತ ಅಚ್ಚ ಕಲ್ಯಾಣದ ಕನ್ನಡದಲ್ಲಿ, ನಮ್ಮೆಲ್ಲರ ದನಿ ತೆಗೆದು ಹೇಳುತ್ತಾಳೆ.

ಆದರೆ ಕೆಲವು ವರ್ಷಗಳ ಮೇಲೆ ಮತ್ತೊಂದು ಪಂಚಮಿಗೆ ಶಿವು ನನ್ನನ್ನು ಕರೆಯಲು ಬಂದ. ಹೋದೆ. ಹಬ್ಬದ ಹಿಂದಿನ ದಿನ ಅವ್ವನ ಜೊತೆ ಬಾಜಾರಕ್ಕೆ ಹೊರಟೆ. ಗಡಿಯಾಚೆಯ ಹಳ್ಳಿಯವನೊಬ್ಬ ಬಂಡಿಯ ಮೇಲೆ ಹಣ್ಣು ಒಟ್ಟಿದ್ದ. ಅವ್ವ ಒಂದು ಗೊನೆಯನ್ನು ಎತ್ತಿ ತಿರುಗಿಸಿ ನೋಡಿ, ಸಲೀಸಾಗಿ ಕೇಳಿದಳು:

"ಕೇಳೀ ಕಶೀ ದಿಲೀ, ಬಾಬಾ?"

ಬಾಳೆಹಣ್ಣು ಹೇಗೆ ಕೊಟ್ಟೆ ಎಂದು. ಎಷ್ಟು ಸರಾಗ ಮರಾಠಿ! ನಾನು ನಿಂತಲ್ಲೇ ನಿಂತೆ. ಆಗ ನನ್ನ ಮಂದ ತಲೆಗೆ ಹೊಳೆಯಿತು. ನಮ್ಮ ಕಿರಾಣಿ ಅಂಗಡಿಗೆ ಬರುತ್ತಿದ್ದ ಅರ್ಧ ಗಿರಾಕಿಗಳು ಗಡಿಯ ಹಳ್ಳಿಗಳವರು. ಅಪ್ಪನ ಕಾಲದಿಂದ ಗಲ್ಲಾದ ಬಳಿ ಕೂತ ಅವ್ವನಿಗೆ ಮರಾಠಿ ಬಾರದೆ ಇರುವುದಾದರೂ ಹೇಗೆ?

"ಅವ್ವಾ," ಎಂದೆ, "ನಿನಗ ಕೇಳೀ ಅಂದ್ರ ಏನಂತ ಗೊತ್ತಿತ್ತೇನು?"

ಅವ್ವ ಚೌಕಾಸಿ ಮುಗಿಸಿ, ಹಣ್ಣನ್ನು ನನ್ನ ಚೀಲಕ್ಕೆ ಹಾಕಿದಳು.

"ಬಾಗಲದಾಗ ನಿಂತಾಗ ಹೊಳೀಲಿಲ್ಲವಾ. ಖರೇನೇ ಸಿಟ್ಟ ಬಂದಿತ್ತು. ಬಸ್ಸಿನ್ಯಾಗ ಬಾಜೂಕ ಒಬ್ಬಾಕಿ ತನ್ನ ಕೂಸಿಗಿ 'ಕೇಳೀ ಖಾ, ಕೇಳೀ ಖಾ' ಅಂತ ತಿನಸಾಕತ್ತಿದ್ಲು. ರಾಜೇಶ್ವರ ಊರು ದಾಟೋದ್ರಾಗ ಎಲ್ಲಾ ತಿಳೀತು."

"ಮತ್ತ ಅಲ್ಲೇ ಇಳದು ತಿರಗಿ ಹೋಗಬೇಕಿಲ್ಲ?"

"ಹುಮನಾಬಾದ ತನಕ ಟಿಕೀಟ ತಗಸಿದ್ದೆ."

"ಅವ್ವಾ! ನಾ ಆಕಿ ಮ್ಯಾಲ ಫೋನಿನ್ಯಾಗ ಎಷ್ಟ ಹಾರಾಡಿದೆ. ಆಕಿ ಊಟಾ ಬಿಟ್ಟಿದ್ಲು. ಎಲ್ಲಾ ತಿಳದೂ ನೀ ಸುಮ್ನ ಕುಂತೀ?"

ಸಿಟ್ಟು ಬಂದಿತ್ತು ನನಗೆ. ನಿಜವಾದ ಸಿಟ್ಟು. ಅವ್ವ ಸ್ವಲ್ಪ ದೂರ ನಡೆದಳು. ಎದುರಿಗೆ ಒಂದು ಮನೆಯ ಮುಂದೆ ಜೀಪು ನಿಂತಿತ್ತು. ಯಾರೋ ಅಣ್ಣ, ಯಾರೋ ತಂಗಿ, ಟ್ರಂಕು, ಗದ್ದಲ. ಅವ್ವ ಅದನ್ನು ನೋಡುತ್ತ ನಿಂತಳು.

"ನಿಮ್ಮ ಸೋದರಮಾಮಾ ತೀರಿಹೋದಮ್ಯಾಲ ಪಂಚಮಿಗಿ ನನ್ನ ಯಾರೂ ಕರ್ಯಾಕ ಬಂದಿಲ್ಲವಾ. ಎಲ್ಲಾರ ಮನಿ ಮುಂದೂ ಗಾಡಿ ನಿಂತಿರ್ತಾವ. ಆ ವರ್ಷ ಆಕಿ ಹೋದ್ಲು, ಮನಿ ಭಣಭಣ ಅಂತು. ಹ್ಯಾಂಗೂ ಹೊರಗ ಬಿದ್ದೀನಿ, ನನಗೂ ಯಾರರ ಕರ್ಯಾಕ ಬರ್ತಾರೇನು ನೋಡೂಣು ಅಂತ ಕುಂತೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಬೈಯಬೇಕೋ, ತಬ್ಬಿಕೊಳ್ಳಬೇಕೋ ತಿಳಿಯದೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಆಕಿ ಬರದಿದ್ರ?" ಎಂದು ಕೇಳಿದೆ.

"ಬರದಿದ್ರ ಏನ ಮಾಡೋದು," ಎಂದಳು ಅವ್ವ. "ಕುಂದ್ರಲೇನು, ಉಣ್ಣಲೇನು ಅಂತ ಕೇಳಿ ಇರೋದನ್ನ ನಿನ್ನ ಮನ್ಯಾಗ ರೂಢಿ ಮಾಡ್ಕೊಳ್ಳಾಕತ್ತಿದ್ದೆ."